ದ್ರಾಕ್ಷಾರಸ ಮಾಗುವ ಬಗೆ



ಹಳತಾದಷ್ಟೂ ಬೆಲೆ ಬರುವ ಪದಾರ್ಥಗಳು ನಮ್ಮ ಮನೆಗಳಿಗೆ ಹೊಸವಲ್ಲ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು ಹಳೆಯ ಅಕ್ಕಿಯನ್ನು ಹುಡುಕಿ ತರುತ್ತೇವೆ. ವರ್ಷ ಕಳೆದು ಕಪ್ಪಾದ ಹುಣಸೆಹಣ್ಣಿನ ಸಾರಿಗೆ ಬೇರೆಯೇ ಒಂದು ಗಾಂಭೀರ್ಯವಿರುತ್ತದೆ. ಆಸವ, ಅರಿಷ್ಟಗಳು ಹಳೆಯದಾದರೆ ಗುಣ ಹೆಚ್ಚೆಂದು ಆಯುರ್ವೇದ ಪಂಡಿತರು ಹೇಳುತ್ತಾರೆ. ಹೀಗಿರುವಾಗ, ಯೂರೋಪಿನ ಜನ ಕೆಂಪು ದ್ರಾಕ್ಷಾರಸವನ್ನು ಸೀಸೆಗಳಲ್ಲಿ ತುಂಬಿ ಹತ್ತು ಇಪ್ಪತ್ತು ವರ್ಷ ನೆಲಮಾಳಿಗೆಯಲ್ಲಿ ಮಲಗಿಸಿಡುತ್ತಾರೆಂದರೆ ನಾವು ಬೆರಗಾಗಬೇಕಾದ್ದಿಲ್ಲ. ಹಾಗೆ ಮಾಗುವುದೆಂದರೆ ಏನು, ಮಾಗಿದ್ದನ್ನು ನಾಲಗೆ ಗುರುತಿಸುವುದು ಹೇಗೆ, ನಮ್ಮ ಬೆಂಗಳೂರಿನ ಬಿಸಿಲಿನಲ್ಲಿ ಅದು ಸಾಧ್ಯವೇ ಎಂಬುದು ಇಂದಿನ ನನ್ನ ವಿಷಯ. ಕುಡಿಯಿರೆಂದು ಯಾರಿಗೂ ಹೇಳಲು ನಾನು ಇಲ್ಲಿ ಬಂದಿಲ್ಲ. ನಾನೇ ವರ್ಷದಲ್ಲಿ ನಾಲ್ಕೈದು ಲೋಟಗಳ ಆಚೆಗೆ ಹೋದವನಲ್ಲ.

ನಾನು ದ್ರಾಕ್ಷಾರಸ ಮಾಡುವವನೂ ಅಲ್ಲ, ಮಾರುವವನೂ ಅಲ್ಲ. ಪೀಣ್ಯದ ಕೈಗಾರಿಕಾ ಪ್ರದೇಶದ ಎರಡನೆಯ ಹಂತದಲ್ಲಿ 1981ರಿಂದ ಒಂದು ಸಣ್ಣ ವರ್ಕ್‌ಷಾಪ್ ನಡೆಸಿದವನು. ಸ್ಟೇನ್‌ಲೆಸ್ ಸ್ಟೀಲಿನ ತಗಡನ್ನು ಬಾಗಿಸಿ, ಬೆಸೆದು, ತೊಟ್ಟಿಗಳನ್ನು ಮಾಡಿಕೊಡುವುದು ನಮ್ಮ ಕಸುಬು. ಬಣ್ಣದ ಕಾರ್ಖಾನೆಗಳಿಗೆ, ಔಷಧಿ ತಯಾರಿಸುವವರಿಗೆ ಮಾಡಿಕೊಟ್ಟಿದ್ದೆವು. 2006ರಲ್ಲಿ ನಂದಿಬೆಟ್ಟದ ಕಡೆಯ ಒಂದು ವೈನರಿಯಿಂದ, ಹೊರಮೈ ಸುತ್ತ ತಣ್ಣೀರು ಹರಿಯುವಂತೆ ಜಾಕೆಟ್ ಇರುವ ಒಂದು ತೊಟ್ಟಿ ಬೇಕೆಂದು ಕೇಳಿಕೊಂಡು ಬಂದರು. ದ್ರಾಕ್ಷಿ ಹುದುಗುವಾಗ ತಾನೇ ಕಾಯುತ್ತದೆ. ಮೂವತ್ತು ಡಿಗ್ರಿಗಿಂತ ಬಹಳ ಮೇಲೆ ಹೋಗಲು ಬಿಟ್ಟರೆ ಹುದುಗಿಸುವ ಯೀಸ್ಟೇ ಸೋಲತೊಡಗುತ್ತದೆ, ರಸದ ಸುವಾಸನೆಯೂ ಹಾರಿಹೋಗುತ್ತದೆ. ಅದಕ್ಕಾಗಿ ತಣ್ಣೀರು.

ತೊಟ್ಟಿ ಸಿದ್ಧವಾದಾಗ ಅವರ ವೈನ್ ತಯಾರಕರು ಬಂದು, ಅಂಗಿಯ ತೋಳು ಮಡಿಸಿ, ತೊಟ್ಟಿಯ ಬಾಯಿಂದ ಒಳಗೆ ಇಳಿದರು. ಅಳತೆ ಹಿಡಿಯಲಿಲ್ಲ, ದೀಪ ಕೇಳಲಿಲ್ಲ. ಒಳಗಿನ ಬೆಸುಗೆಯ ಗೆರೆಯ ಮೇಲೆ ಬೆರಳನ್ನು ಮೆಲ್ಲಗೆ ಎಳೆದುಕೊಂಡು ಹೋದರು. ಒಂದು ಕಡೆ ಬೆರಳು ನಿಂತಿತು. ಆ ಉಬ್ಬು ಕಣ್ಣಿಗೆ ಕಾಣುವಂಥದಲ್ಲ. "ಇಲ್ಲಿ ಗಷ್ಟು ಕೂರುತ್ತದೆ; ಮುಂದಿನ ವರ್ಷದ ರಸ ಇದರಿಂದ ಕೆಡುತ್ತದೆ" ಎಂದರು. ತಪ್ಪು ನನ್ನದೇ ಆಗಿತ್ತು. ಮತ್ತೆ ನಾಲ್ಕು ದಿನ ಉಜ್ಜಿಸಿ, ಕನ್ನಡಿಯಂತೆ ಮಾಡಿಸಿ ಕಳುಹಿಸಿದೆ. 2007ರ ಆರಂಭದಲ್ಲಿ ಬಾಕಿ ಹಣ ವಸೂಲಿಗೆಂದು ಹೋದಾಗ ಅವರು ಚೆಕ್ಕಿನ ಜೊತೆಗೆ ಎರಡು ಸೀಸೆಗಳನ್ನೂ ಕೊಟ್ಟರು. 2004ರ ಸುಗ್ಗಿಯ ಕೆಂಪು ವೈನ್. ಹೆಚ್ಚಿನ ಪಾಲು ಕ್ಯಾಬರ್ನೆ ಸೋವಿನ್ಯೋ ಎಂಬ ದ್ರಾಕ್ಷಿ, ಜೊತೆಗೆ ಸ್ವಲ್ಪ ಶಿರಾಜ್. "ಈಗ ಕುಡಿಯಬೇಡಿ, ಹತ್ತು ವರ್ಷ ಇಟ್ಟು ನೋಡಿ" ಎಂದರು. ಸೀಸೆ ಕೊಟ್ಟು ಕುಡಿಯಬೇಡಿ ಎಂದವರನ್ನು ನಾನು ನೋಡಿದ್ದು ಅದೇ ಮೊದಲು.

ಈ ದ್ರಾಕ್ಷಿ ಫ್ರಾನ್ಸಿನ ಬೋರ್ಡೋ ಸೀಮೆಯದು. ಅದರ ಹುಟ್ಟಿನ ಗುಟ್ಟು ಬಯಲಾದದ್ದು 1997ರಲ್ಲಿ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದರ ವಂಶವಾಹಿಗಳನ್ನು ಪರೀಕ್ಷಿಸಿ, ಕ್ಯಾಬರ್ನೆ ಫ್ರಾಂಕ್ ಎಂಬ ಕಪ್ಪು ದ್ರಾಕ್ಷಿಗೂ ಸೋವಿನ್ಯೋ ಬ್ಲಾಂಕ್ ಎಂಬ ಬಿಳಿಯ ದ್ರಾಕ್ಷಿಗೂ ತಾನಾಗಿ ಆದ ಸಂಕರದ ಕೂಸಿದು ಎಂದು ತೋರಿಸಿದರು. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ತಿರುಳಿಗೆ ಹೋಲಿಸಿದರೆ ಬೀಜದ ಪಾಲು ಹೆಚ್ಚು. ತಿನ್ನಲು ಯಾರೂ ಬಯಸುವ ಹಣ್ಣಲ್ಲ. ಆದರೆ ಬಾಳಿಕೆಗೆ ಬೇಕಾದ ಒಗರೂ ಬಣ್ಣವೂ ಇರುವುದು ಆ ಸಿಪ್ಪೆ ಬೀಜಗಳಲ್ಲಿಯೇ.

ನಮ್ಮ ಸೀಮೆಗೆ ಅದು ಬಂದ ಕಥೆಯನ್ನು ಚರಿತ್ರೆಯ ಸಲುವಾಗಿ ಹೇಳಬೇಕು. ಕನ್ವಲ್ ಗ್ರೋವರ್ ಎಂಬ ಉದ್ಯಮಿಗಳು, ಷಾಂಪೇನ್ ಪ್ರಾಂತದ ಜಾರ್ಜ್ ವೆಸೆಲ್ ಅವರ ಸಲಹೆಯಿಂದ ಫ್ರಾನ್ಸಿನ ಹಲವು ತಳಿಗಳನ್ನು ವರ್ಷಗಟ್ಟಲೆ ಪ್ರಯೋಗಕ್ಕೆ ಬೆಳೆಸಿ ನೋಡಿ, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ ತೋಟವನ್ನು ಸ್ಥಾಪಿಸಿದರು. 1990ರ ದಶಕದ ಮಧ್ಯದಲ್ಲಿ ಬೋರ್ಡೋದ ಹೆಸರಾಂತ ತಜ್ಞರಾದ ಮಿಷೆಲ್ ರೋಲಾಂ ಅವರ ಮಾರ್ಗದರ್ಶನವೂ ದೊರೆಯಿತು. ಕ್ಯಾಬರ್ನೆ, ಶಿರಾಜ್‌ಗಳನ್ನು ಬೆರೆಸಿ ಫ್ರೆಂಚ್ ಓಕ್ ಮರದ ಪೀಪಾಯಿಗಳಲ್ಲಿ ಹದಗೊಳಿಸಿದ 'ಲಾ ರಿಸರ್ವ್' ಅಲ್ಲಿಂದ ಹೊರಟು ಹೊರದೇಶಗಳಲ್ಲಿಯೂ ಮೆಚ್ಚುಗೆ ಗಳಿಸಿತು. ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೂ ವೈನಿಗೂ ಒಂದು ನೀತಿಯನ್ನು ರೂಪಿಸಿದ್ದು 2007ರಲ್ಲಿ. ಅನಂತರ ವೈನರಿಗಳು ಹೆಚ್ಚಿದವು.

ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದ ಈ ನೆಲದಲ್ಲಿ ರಾತ್ರಿ ತಂಪು. ಆ ತಂಪೇ ಇಲ್ಲಿಯ ಬಂಡವಾಳ. ಫ್ರಾನ್ಸಿನಲ್ಲಿ ಚಳಿಗಾಲ ಬಳ್ಳಿಯನ್ನು ಮಲಗಿಸುತ್ತದೆ. ಇಲ್ಲಿ ಬಳ್ಳಿಗೆ ನಿದ್ರೆಯೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಸವರುತ್ತಾರೆ: ಬೇಸಿಗೆಯಲ್ಲೊಮ್ಮೆ ಹೊಸ ಕಡ್ಡಿಗಾಗಿ, ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಮ್ಮೆ ಹೂವಿಗಾಗಿ. ಆಗ ಹಣ್ಣು ಫೆಬ್ರವರಿ, ಮಾರ್ಚಿಯ ಒಣಹವೆಯಲ್ಲಿ ಪಕ್ವಕ್ಕೆ ಬರುತ್ತದೆ.

ದ್ರಾಕ್ಷಿ ನನಗೆ ಅಪರಿಚಿತವೇನಾಗಿರಲಿಲ್ಲ. ನಮ್ಮದು ದೇವನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ತಂದೆಯವರು ಕಲ್ಲುಕಂಬದ ಚಪ್ಪರ ಹಾಕಿ 'ಬೆಂಗಳೂರು ಬ್ಲೂ' ಬೆಳೆಯುತ್ತಿದ್ದರು. 2013ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದದ್ದು ಅದೇ ಹಣ್ಣು. ಅಮೆರಿಕದ ಕುಲಕ್ಕೆ ಸೇರಿದ್ದು. ಗೊಂಚಲನ್ನು ಮನೆಯೊಳಗೆ ತಂದಿಟ್ಟರೆ ಸಾಕು, ಕಸ್ತೂರಿಯಂಥ ಅದರ ಗಾಢ ವಾಸನೆ ನಡುಮನೆಯನ್ನೆಲ್ಲ ತುಂಬುತ್ತಿತ್ತು. ನಮ್ಮ ವರ್ಕ್‌ಷಾಪಿನ ಲೆಕ್ಕಪತ್ರ ನೋಡುತ್ತಿದ್ದ ಆಂಗ್ಲೋ ಇಂಡಿಯನ್ ಮಿತ್ರರು ವೈಟ್‌ಫೀಲ್ಡಿನವರು. ಮೈಸೂರಿನ ಮಹಾರಾಜರು ಕೊಟ್ಟ ಭೂಮಿಯಲ್ಲಿ 1880ರ ದಶಕದಲ್ಲಿ ಅವರ ಸಮುದಾಯ ಕಟ್ಟಿಕೊಂಡ ಊರು ಅದು. ಪ್ರತಿವರ್ಷ ಅವರು ನಮ್ಮ ತೋಟದ ಹಣ್ಣನ್ನು ಒಯ್ದು, ಸಕ್ಕರೆ, ಗೋಧಿ, ಲವಂಗ ಬೆರೆಸಿ ಭರಣಿಯಲ್ಲಿ ಬಾಯಿಕಟ್ಟಿ ಇಟ್ಟು, ಕ್ರಿಸ್‌ಮಸ್ಸಿಗೆ ತೆಗೆಯುತ್ತಿದ್ದರು. ಸಿಹಿಯಾದ, ಸರಳವಾದ, ನಗುನಗುತ್ತ ಕುಡಿಯುವ ವೈನ್. ಯುಗಾದಿಯ ಹೊತ್ತಿಗೆ ಅದರ ಪರಿಮಳ ಬಡವಾಗಿ, ಬರಿಯ ಸಕ್ಕರೆಯ ನೀರಿನಂತಾಗುತ್ತಿತ್ತು. ಇದನ್ನು ಕೊರತೆ ಎನ್ನಲಾರೆ. ಮಲ್ಲಿಗೆಯನ್ನು ಮರುದಿನಕ್ಕೆ ಇಡುವವರುಂಟೇ? ಆದರೆ ಹಳತಾದಷ್ಟೂ ವೈನ್ ಒಳ್ಳೆಯದಾಗುತ್ತದೆ ಎಂಬ ಮಾತು ಎಲ್ಲಕ್ಕೂ ಸಲ್ಲದು. ಲೋಕದಲ್ಲಿ ತಯಾರಾಗುವ ವೈನಿನಲ್ಲಿ ಬಹುಪಾಲು ಎರಡು ಮೂರು ವರ್ಷದೊಳಗೆ ಕುಡಿಯಲೆಂದೇ ಮಾಡಿದ್ದು. ಇಟ್ಟರೆ ಕೆಡುತ್ತದೆ, ಅಷ್ಟೆ.

ಹಾಗಾದರೆ ಕ್ಯಾಬರ್ನೆ ಏಕೆ ಉಳಿಯುತ್ತದೆ? ಇದಕ್ಕೆ ಉತ್ತರ ನಮ್ಮ ಭಾಷೆಯ ಒಂದು ಮಾತಿನಲ್ಲಿದೆ: ಒಗರು. ಬೆಟ್ಟದ ನೆಲ್ಲಿಕಾಯಿಯಲ್ಲಿ, ಎಳೆಯ ಬಾಳೆಕಾಯಿಯಲ್ಲಿ, ಮಲೆನಾಡಿನವರು ಅಡಿಕೆ ಬೇಯಿಸಿ ಉಳಿಸಿಕೊಳ್ಳುವ ಚೊಗರಿನಲ್ಲಿ ಇರುವುದು ಈ ಒಗರೇ. ರಸಾಯನಶಾಸ್ತ್ರ ಇದನ್ನು ಟ್ಯಾನಿನ್ ಎನ್ನುತ್ತದೆ. ಚರ್ಮ ಹದಮಾಡಲು ಆವರಿಕೆಯ ತೊಗಟೆ ಬಳಸುತ್ತಿದ್ದುದೂ ಇದಕ್ಕಾಗಿಯೇ. ಷಡ್ರಸಗಳಲ್ಲಿ ಕಷಾಯ ಎಂದು ನಮ್ಮ ಪ್ರಾಚೀನರು ಎಣಿಸಿದ್ದು ಇದನ್ನು. ಇಂದಿನ ಶರೀರಶಾಸ್ತ್ರಜ್ಞರು ಇದು ರುಚಿಯಲ್ಲ, ಸ್ಪರ್ಶ ಎನ್ನುತ್ತಾರೆ. ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಕಟ್ಟಿಹಾಕುತ್ತದೆ. ಬಾಯಿಯ ಜಾರಿಕೆ ಹೋಗಿ ಒಸಡು, ಕೆನ್ನೆಯ ಒಳಭಾಗ ಒಣಗಿ ಎಳೆದಂತಾಗುತ್ತದೆ. ಹೊಸ ಕ್ಯಾಬರ್ನೆಯನ್ನು ಬಾಯಿಗಿಟ್ಟರೆ ಅನುಭವ ಇದೇ. ಕುಡಿಯಲು ಬರುವುದಿಲ್ಲ ಎನ್ನದೆ ವಿಧಿಯಿಲ್ಲ.

ಸೀಸೆಯೊಳಗೆ ನಡೆಯುವ ಕೆಲಸ ಬಹಳ ನಿಧಾನದ್ದು. ಬಿರಡೆ ಬಿಟ್ಟುಕೊಡುವ ಅತ್ಯಲ್ಪ ಆಮ್ಲಜನಕದ ನೆರವಿನಿಂದ ಟ್ಯಾನಿನ್ನಿನ ಕಣಗಳು ಒಂದಕ್ಕೊಂದು, ಜೊತೆಗೆ ಬಣ್ಣದ ಕಣಗಳಿಗೂ, ಕೊಂಡಿ ಹಾಕಿಕೊಳ್ಳುತ್ತ ಹೋಗುತ್ತವೆ. ಬೆಳೆದು ಭಾರವಾದವು ಗಷ್ಟಾಗಿ ತಳಕ್ಕಿಳಿಯುತ್ತವೆ. ಉಳಿದವು ಬಾಯನ್ನು ಮೊದಲಿನಂತೆ ಹಿಂಡುವುದಿಲ್ಲ. ನೇರಳೆಯ ಬಣ್ಣ ಮೊದಲು ಮಾಣಿಕ್ಯದ ಕೆಂಪಾಗಿ, ಮುಂದೆ ಹಂಚಿನ ಕೆಂಪಾಗಿ ತಿರುಗುತ್ತದೆ. ಹಸಿ ಹಣ್ಣಿನ ವಾಸನೆ ಹಿಂದೆ ಸರಿದು ಮರ, ಒಣಎಲೆ, ಮಣ್ಣು, ಹೊಗೆಸೊಪ್ಪುಗಳ ವಾಸನೆ ಮುಂದೆ ಬರುತ್ತದೆ. ಮಾಗುವುದೆಂದರೆ ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವುದು. ಕೊಡುವುದಕ್ಕೆ ಮೊದಲಿಗೇ ಬೇಕಾದಷ್ಟು ಇರಬೇಕು. ಅದು ಕ್ಯಾಬರ್ನೆಗೆ ಇದೆ, ನಮ್ಮ ಚಪ್ಪರದ ಹಣ್ಣಿಗೆ ಇರಲಿಲ್ಲ.

ಇನ್ನು ಇಡುವ ಜಾಗ. ಹನ್ನೆರಡರಿಂದ ಹದಿನಾಲ್ಕು ಡಿಗ್ರಿ ಸೆಲ್ಸಿಯಸ್, ಕತ್ತಲೆ, ಸ್ವಲ್ಪ ತೇವ, ಅಲುಗಾಟವಿಲ್ಲದ ಮೂಲೆ. ಬಿರಡೆ ಒಣಗದಂತೆ ಸೀಸೆಯನ್ನು ಅಡ್ಡ ಮಲಗಿಸಬೇಕು. ಇದು ಪುಸ್ತಕದ ಲಕ್ಷಣ. ಉಷ್ಣತೆ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂಬುದು ಒಂದು ಸ್ಥೂಲ ಲೆಕ್ಕ. ಬೆಂಗಳೂರಿನ ಸಾಮಾನ್ಯ ಮನೆಯಲ್ಲಿ ನೆಲಮಾಳಿಗೆಯನ್ನು ಎಲ್ಲಿಂದ ತರುವುದು?

ಎರಡು ಸೀಸೆಗಳಲ್ಲಿ ಒಂದನ್ನು ನಾನು ಇಟ್ಟುಕೊಂಡೆ. ಇನ್ನೊಂದನ್ನು ಊರಿನಲ್ಲಿ ತಾಯಿಯವರ ಹತ್ತಿರ ಬಿಟ್ಟೆ. ನಮ್ಮ ಮನೆಯಲ್ಲಿ ಹೆಂಡ, ಸಾರಾಯಿಯ ಹೆಸರೆತ್ತುವಂತಿರಲಿಲ್ಲ. ತಂದೆಯವರು ಜೀವಮಾನವೆಲ್ಲ ದ್ರಾಕ್ಷಿ ಬೆಳೆದರೂ ಅದರ ಹುದುಗಿದ ರಸವನ್ನು ಮುಟ್ಟಿದವರಲ್ಲ. "ಏನೋ ಇದು?" ಎಂದು ತಾಯಿ ಕೇಳಿದಾಗ, "ದ್ರಾಕ್ಷಾರಿಷ್ಟ ಕಣಮ್ಮ, ಔಷಧಿ. ಹತ್ತು ವರ್ಷ ತೆಗೆಯಬಾರದು" ಎಂದುಬಿಟ್ಟೆ. ಐವತ್ತು ದಾಟಿದ ಮಗ ತಾಯಿಗೆ ಸುಳ್ಳು ಹೇಳಿದ. ಅವರು ಸೀಸೆಯನ್ನು ತಿರುಗಿಸಿ ನೋಡಿ, ಮಾತಾಡದೆ ಒಳಗೆ ಒಯ್ದರು.

ನನ್ನ ಸೀಸೆಯ ಕಥೆ ಬೇಗ ಮುಗಿಯುವಂಥದು. 2010ರಲ್ಲಿ ಮಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಫ್ಲ್ಯಾಟು ಕೊಂಡ. ನಾವೂ ಅಲ್ಲಿಗೆ ಹೋದೆವು. ಮೂರನೆಯ ಮಹಡಿ, ಪಡುವಣ ಗೋಡೆ. ಬಂದವರಿಗೆ ಕಾಣಲೆಂದು ಸೀಸೆಯನ್ನು ಹಜಾರದ ಷೋಕೇಸಿನಲ್ಲಿ ನಿಲ್ಲಿಸಿದೆ. ಇಷ್ಟನ್ನು ಓದಿ ತಿಳಿದವನೂ ನಾನೇ, ಗಾಜಿನ ಬಾಗಿಲ ಹಿಂದೆ ನಿಲ್ಲಿಸಿದವನೂ ನಾನೇ. ಜಂಬ ಎಂಬುದು ವಿವೇಕವನ್ನು ಹೀಗೆ ಕೆಡಿಸುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣತೆ 39.2 ಡಿಗ್ರಿಗೆ ಏರಿ ದಾಖಲೆಯಾಯಿತು. ಆ ವಾರ ಬಿರಡೆ ಸ್ವಲ್ಪ ಮೇಲೆದ್ದಿರುವುದನ್ನೂ, ಕತ್ತಿನ ಸುತ್ತ ಅಂಟಂಟಾದ ಒಂದು ಗೆರೆ ಇಳಿದಿರುವುದನ್ನೂ ಕಂಡೆ.

ಅದೇ ವರ್ಷ ಡಿಸೆಂಬರಿನಲ್ಲಿ ತಾಯಿಯವರು ತೀರಿಕೊಂಡರು. ಕರ್ಮಾಂತರಗಳು ಮುಗಿದ ಮೇಲೆ ಅಣ್ಣ ಒಳಕೋಣೆಯ ರಾಗಿಯ ವಾಡೆಯನ್ನು ಬರಿದು ಮಾಡಿಸಿದರು. ಮಣ್ಣಿನ ಬಳೆಗಳನ್ನು ಒಂದರ ಮೇಲೊಂದು ಕೂರಿಸಿ, ಸಂದಿಗೆ ಸಗಣಿ ಬಳಿದು ಕಟ್ಟಿದ ಹಳೆಯ ವಾಡೆ. ಅದರ ತಳದಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅಡ್ಡ ಮಲಗಿಸಿದ ಸೀಸೆ ಇತ್ತು. ಪ್ರತಿ ಸುಗ್ಗಿಯಲ್ಲಿ ಹೊಸ ರಾಗಿ ತುಂಬುವ ಮುನ್ನ ತಾಯಿ ಅದನ್ನು ತೆಗೆದು, ಒರೆಸಿ, ಮತ್ತೆ ಹಾಗೆಯೇ ಮಲಗಿಸುತ್ತಿದ್ದರೆಂದು ಅತ್ತಿಗೆ ಹೇಳಿದರು. ಮಲಗಿಸಲು ನಾನು ಹೇಳಿರಲಿಲ್ಲ. ನಿಲ್ಲಿಸಿದರೆ ಉರುಳಿ ಒಡೆದೀತೆಂದು ಅವರಿಗೆ ತೋಚಿರಬೇಕು. ಎರಡಡಿ ದಪ್ಪದ ಮಣ್ಣಿನ ಗೋಡೆ, ಹಂಚಿನ ಕೆಳಗೆ ಅಟ್ಟ, ಕಿಟಕಿಯಿಲ್ಲದ ಕೋಣೆ, ಸುತ್ತ ರಾಗಿ. ಹದಿಮೂರು ಡಿಗ್ರಿಯೇನೂ ಅಲ್ಲ. ಇಪ್ಪತ್ತನಾಲ್ಕು ಇಪ್ಪತ್ತೈದು ಇದ್ದೀತು. ಆದರೆ ಹಗಲು ರಾತ್ರಿಗಳ ವ್ಯತ್ಯಾಸ ಅಲ್ಲಿಗೆ ತಲುಪುತ್ತಿರಲಿಲ್ಲ. ದ್ರಾಕ್ಷಾರಸಕ್ಕೆ ಸೆಕೆಯಷ್ಟೇ ಕೇಡು ಮಾಡುವುದು ಏರಿಳಿತ.

ಅತ್ತಿಗೆ ಇನ್ನೊಂದು ಮಾತನ್ನೂ ಹೇಳಿದರು. ಒಂದು ವರ್ಷ ಸೀಸೆ ಒರೆಸುವಾಗ ತಾಯಿ ನಗುತ್ತ, "ನಿನ್ನ ಮೈದುನ ಔಷಧಿ ಅಂತ ಹೇಳವ್ನೆ. ಔಷಧಿ ಸೀಸೆಗೆ ಇಷ್ಟು ಚೆಂದದ ಚೀಟಿ ಯಾರು ಅಂಟಿಸ್ತಾರೆ?" ಎಂದಿದ್ದರಂತೆ.

2017ರ ಫೆಬ್ರವರಿಯಲ್ಲಿ ಎರಡು ಸೀಸೆಗಳನ್ನೂ ವೈಟ್‌ಫೀಲ್ಡಿನ ಮಿತ್ರರ ಮನೆಗೆ ಒಯ್ದೆ. ಹಿಂದಿನ ದಿನವೇ ಅವನ್ನು ನೇರವಾಗಿ ನಿಲ್ಲಿಸಿದ್ದೆವು, ಗಷ್ಟು ತಳಕ್ಕಿಳಿಯಲಿ ಎಂದು. ತೆರೆಯುವ ಮುನ್ನ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟೆವು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಫ್ರಾನ್ಸಿನ ಹಳೆಯ ಮನೆಗಳಲ್ಲಿ. ಅಲ್ಲಿಯ ಕೋಣೆ ಹದಿನೇಳು ಹದಿನೆಂಟು ಡಿಗ್ರಿಯದು, ನಮ್ಮದಲ್ಲ.

ಮೊದಲು ನನ್ನ ಸೀಸೆ. ಬಿಳಿಯ ಕಾಗದದ ಮುಂದೆ ಲೋಟವನ್ನು ಓರೆಮಾಡಿ ಹಿಡಿದರೆ ಬಣ್ಣ ಚಹಾದ ಕಷಾಯದಂತೆ ಕಂದು. ಮೂಗಿಗೆ ಹಿಡಿದರೆ ಕುದಿಸಿ ಸೀದ ಬೆಲ್ಲದ ಪಾಕ. ಬಾಯಿಯಲ್ಲಿ ಹುಳಿಯೊಂದು ಕಡೆ, ಸಾರಾಯಿಯ ಉರಿಯೊಂದು ಕಡೆ, ನಡುವೆ ಏನೂ ಇಲ್ಲ. ಮಿತ್ರರು ಏನೂ ಹೇಳದೆ ಲೋಟವನ್ನು ಪಕ್ಕಕ್ಕಿಟ್ಟರು.

ಆಮೇಲೆ ತಾಯಿಯವರ ಸೀಸೆ. ಬಿರಡೆ ಪುಡಿಯಾಗದೆ ಇಡಿಯಾಗಿ ಬಂತು; ಅದರ ಕೆಳತುದಿ ಮಾತ್ರ ಕೆಂಪಾಗಿತ್ತು. ಸೀಸೆಯ ಕತ್ತಿನ ಹಿಂದೆ ಮೇಣದಬತ್ತಿ ಹಿಡಿದು, ಗಷ್ಟು ಕತ್ತಿನತ್ತ ಬರುವುದು ಕಾಣುತ್ತಲೇ ನಿಲ್ಲಿಸುವಂತೆ ಬೇರೊಂದು ಪಾತ್ರೆಗೆ ಮೆಲ್ಲಗೆ ಬಗ್ಗಿಸಿದೆವು. ಲೋಟದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಸುರಿಯಬಾರದು. ಉಳಿದ ಜಾಗ ವಾಸನೆಗೆ ಬೇಕು. ನಡುವೆ ಇನ್ನೂ ಕೆಂಪು, ಅಂಚಿನಲ್ಲಿ ಮಂಗಳೂರು ಹಂಚಿನ ಬಣ್ಣ. ಅಲುಗಿಸದೆ ಒಮ್ಮೆ ಮೂಸಬೇಕು, ತಿರುಗಿಸಿ ಇನ್ನೊಮ್ಮೆ. ಮೊದಲ ಸಲ ಅಷ್ಟೇನೂ ಇಲ್ಲ, ಮುಚ್ಚಿದ ಕೋಣೆಯ ಗಾಳಿ. ತಿರುಗಿಸಿದ ಮೇಲೆ ಒಂದೊಂದೇ ಎದ್ದು ಬಂದವು.

ಇಂಗ್ಲಿಷ್ ಪುಸ್ತಕಗಳು ಈ ವೈನಿನಲ್ಲಿ ಬ್ಲ್ಯಾಕ್‌ಕರಂಟ್ ಹಣ್ಣನ್ನೂ ದೇವದಾರನ್ನೂ ಹುಡುಕುವಂತೆ ಹೇಳುತ್ತವೆ. ಕಾಣದ ಹಣ್ಣಿನ ವಾಸನೆಯನ್ನು ಕಂಡೆನೆಂದು ಹೇಳುವ ನಾಟಕ ನನಗೆ ಬೇಡ. ಹಿಂದೆ ವೈನ್ ತಯಾರಕರು, "ನಿಮ್ಮ ಊರಿನ ಹೆಸರುಗಳಲ್ಲೇ ಹೇಳಿ" ಎಂದಿದ್ದರು. ಹಾಗೆ ಹೇಳುವುದಾದರೆ: ಒಣಗಿದ ನೇರಳೆಹಣ್ಣು. ಬಹಳ ಹಿಂದೆ ಎಲ್ಲೋ ಹೆಚ್ಚಿಟ್ಟ ದೊಣ್ಣೆಮೆಣಸಿನಕಾಯಿ. ಇದು ಕ್ಯಾಬರ್ನೆಯ ಹುಟ್ಟುಗುಣ. ಒಂದನೆಯ ತರಗತಿಯಲ್ಲಿ ಹೆರೆದ ಪೆನ್ಸಿಲ್. ಮೊದಲ ಮಳೆಗೆ ನೆನೆದ ಕಲ್ಲುಕಂಬ. ಬಾಯಿಯಲ್ಲಿ ಒಗರು ಇದ್ದೇ ಇತ್ತು. ಆದರೆ ಎಳೆಯುವ ಒಗರಲ್ಲ, ಊಟದ ಕೊನೆಯಲ್ಲಿ ಅಡಿಕೆ ಹಾಕಿಕೊಂಡಾಗ ಬಾಯಿ ಚೊಕ್ಕಟವಾದಂತೆ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆಂಬುದೂ ಒಂದು ಪರೀಕ್ಷೆ. ಮಿತ್ರರು ಗಡಿಯಾರ ನೋಡಿ, ಅರ್ಧ ನಿಮಿಷ ದಾಟಿತು ಎಂದರು. ನ್ಯಾಯವಾಗಿ ಹೇಳಬೇಕಾದರೆ, ಇನ್ನು ಎರಡು ವರ್ಷ ಬಿಟ್ಟಿದ್ದರೆ ಇದೂ ಇಳಿಮುಖವಾಗುತ್ತಿತ್ತು. ನಮ್ಮ ಹವೆಯಲ್ಲಿ ಹತ್ತು ವರ್ಷದ ಮಾತನ್ನು ಬಹಳ ಹಿಗ್ಗಿಸಬಾರದು. ಬಹುಪಾಲು ಸೀಸೆಗಳಿಗೆ ಐದು ವರ್ಷವೇ ಹೆಚ್ಚು.

ನನ್ನ ಹೆಂಡತಿ ಕುಡಿಯುವವಳಲ್ಲ. ನಾವಿಬ್ಬರೂ ಸುಮ್ಮನೆ ಕುಳಿತದ್ದನ್ನು ಕಂಡು, "ಕೊಡಿ ಇಲ್ಲಿ" ಎಂದು ಲೋಟವನ್ನು ತೆಗೆದುಕೊಂಡು ಮೂಸಿದಳು. ಇನ್ನೊಮ್ಮೆ ಮೂಸಿದಳು. "ಇದು ಅತ್ತೆಯವರ ಎಲೆಅಡಿಕೆ ಚೀಲದ ವಾಸನೆ ಅಲ್ಲವೇ?" ಎಂದಳು.

ನಾನು ಲೋಟವನ್ನು ಮತ್ತೆ ಹಿಡಿದೆ. ಕಡ್ಡಿಪುಡಿ, ಒಣಗಿದ ವೀಳ್ಯದೆಲೆ, ಅಡಿಕೆ, ಮಾಸಿದ ಬಟ್ಟೆ. ಹಳೆಯ ಕ್ಯಾಬರ್ನೆಯಲ್ಲಿ ಹೊಗೆಸೊಪ್ಪಿನ ವಾಸನೆ ಇರುವುದು ಬೋರ್ಡೋದಲ್ಲಿಯೂ ಸಾಮಾನ್ಯವೇ. ಸುತ್ತಿದ ಸೀರೆಯ ತುಂಡಿನಿಂದ ಬಿರಡೆಯ ಮೂಲಕ ವಾಸನೆ ಒಳಗಿಳಿಯಿತೆಂದು ರಸಾಯನಶಾಸ್ತ್ರ ಬಲ್ಲವರು ಯಾರೂ ಒಪ್ಪಲಾರರು, ನಾನೂ ಒಪ್ಪುವುದಿಲ್ಲ. ಆದರೆ ಒಂದು ಗಂಟೆಯಿಂದ ನಾನು ಹೆಸರಿಗಾಗಿ ತಡಕುತ್ತಿದ್ದ ವಾಸನೆ ಅದೇ ಆಗಿತ್ತು. ಪುಸ್ತಕ ಓದಿದ ನನಗೆ ಸಿಗದ ಮಾತು ಅವಳಿಗೆ ಎರಡು ಸಲ ಮೂಸಿದ್ದಕ್ಕೇ ಸಿಕ್ಕಿತು.

ಆ ಸಂಜೆ ಮೂವರಲ್ಲಿ ಇಬ್ಬರು ಕುಡಿದು, ಅರ್ಧ ಸೀಸೆ ಉಳಿಯಿತು. ಮರುದಿನಕ್ಕೆ ಅದರ ಜೀವ ಹೋಗಿತ್ತು. ಹಳೆಯ ವೈನ್ ಗಾಳಿಯನ್ನು ಬಹಳ ಹೊತ್ತು ತಡೆಯದು. ಖಾಲಿ ಸೀಸೆಯನ್ನು ಊರಿಗೆ ಒಯ್ದು ಅತ್ತಿಗೆಯವರಿಗೆ ಕೊಟ್ಟೆ. ಅವರು ಬಿಸಿನೀರಿನಲ್ಲಿ ತೊಳೆದು, ಚೀಟಿಯನ್ನು ಹಾಗೆಯೇ ಬಿಟ್ಟು, ಅದರಲ್ಲಿ ಹರಳೆಣ್ಣೆ ತುಂಬಿಟ್ಟಿದ್ದಾರೆ.